ಹಳೆಯ ರಸ್ತೆಗೆ ಒಂದು ಇಡೀ ಹಗಲು ಕೊಡಿ

ಪುಟ್ಟಿ, ಈ ಸಲ ಸ್ಪ್ರಿಂಗ್ ಬ್ರೇಕಿಗೆ ಮಕ್ಕಳ ಜೊತೆ ಅತ್ತೆ ಮಾವನವರನ್ನೂ ಕರೆದುಕೊಂಡು ರೂಟ್ 66ರಲ್ಲಿ ಹೋಗಿಬರುತ್ತೇವೆ ಎಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಆದರೆ ನೀನು ಹಾಕಿಕೊಂಡ ಲೆಕ್ಕ ಮಾತ್ರ ಹಿಡಿಸಲಿಲ್ಲ. ಬೆಳಗ್ಗೆ ಬಾರ್‌ಸ್ಟೋ, ಮಧ್ಯಾಹ್ನದ ಊಟಕ್ಕೆ ನೀಡಲ್ಸ್, ರಾತ್ರಿಗೆ ಗ್ರ್ಯಾಂಡ್ ಕ್ಯಾನ್ಯನ್! ಹಾಗೆ ಓಡುವುದಾದರೆ ಐ-40 ಹೆದ್ದಾರಿ ಇದ್ದೇ ಇದೆ, ಎರಡೂವರೆ ಗಂಟೆಯೊಳಗೆ ನೀಡಲ್ಸ್ ಮುಟ್ಟಿಸುತ್ತದೆ. ಹಳೆಯ ರಸ್ತೆಗೆ ಇಳಿಯುವುದಾದರೆ ಅದಕ್ಕೊಂದು ಇಡೀ ಹಗಲು ಮೀಸಲಿಡು. ಆ ರಾತ್ರಿ ನೀಡಲ್ಸ್‌ನಲ್ಲೇ ತಂಗಿ. ಗ್ರ್ಯಾಂಡ್ ಕ್ಯಾನ್ಯನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಜುಲೈಗೆ ಮುಂದೂಡೋಣವೇ ಎಂದು ಅಳಿಯಂದಿರು ಕೇಳಿದರಂತೆ. ಖಂಡಿತ ಬೇಡ. ಜುಲೈ ಮಧ್ಯಾಹ್ನ ನೀಡಲ್ಸ್‌ನಲ್ಲಿ 43 ಡಿಗ್ರಿ ಎಂದರೆ ಮಾಮೂಲು ದಿನ. ಜೊತೆಗೆ ಮಳೆಯ ಕಾಟ ಬೇರೆ. ಎಲ್ಲೋ ದೂರದ ಗುಡ್ಡದ ಮೇಲೆ ಸುರಿದದ್ದು ಇಲ್ಲಿ ಒಣಹಳ್ಳದಲ್ಲಿ ಕೆಂಪು ಪ್ರವಾಹವಾಗಿ ನುಗ್ಗಿ ರಸ್ತೆಯನ್ನೇ ಕೊಚ್ಚಿಬಿಡುತ್ತದೆ. ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಆಗಲೂ ತಲೆಗೆ ಒಂದು ಗ್ಯಾಲನ್‌ನಂತೆ ನೀರು ಡಿಕ್ಕಿಯಲ್ಲಿರಲಿ. ದಾರಿಯಲ್ಲಿ ಸಿಗುವ ಲಡ್ಲೋದಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ. ಅಲ್ಲಿಂದ ಮುಂದೆ ಫೋನ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಕಾರು ಕೆಟ್ಟು ನಿಂತರೆ ಯಾರೂ ನಡೆದುಕೊಂಡು ಸಹಾಯ ಹುಡುಕಲು ಹೊರಡಬಾರದು, ಕಾರಿನ ಹತ್ತಿರವೇ ಇರಬೇಕು. ಇದನ್ನು ಅಳಿಯಂದಿರಿಗೆ ಎರಡು ಸಲ ಹೇಳು.

ಇನ್ನು ಮಕ್ಕಳ ವಿಷಯ. ಹೊರಗೆ ಏನೂ ಇಲ್ಲ ಎಂದು ಅವರು ಟ್ಯಾಬ್ ಹಿಡಿದು ಕೂತುಬಿಡುತ್ತಾರೆ. ಕೂರಲು ಬಿಡಬೇಡ. ಆ ರಸ್ತೆಯಲ್ಲಿ ಯಾರು ಬಂದರು ಎಂಬುದನ್ನು ಅವರಿಗೆ ಹೇಳು. ಶಿಕಾಗೋದಿಂದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿಲೋಮೀಟರಿನ ಈ ದಾರಿಗೆ 66 ಎಂಬ ಸಂಖ್ಯೆ ಬಿದ್ದದ್ದು 1926ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ ಓಕ್ಲಹೋಮ, ಟೆಕ್ಸಾಸ್, ಅರ್ಕನ್ಸಾ ಕಡೆ ಬರ ಬಿತ್ತು. ಉತ್ತ ಹೊಲದ ಮಣ್ಣು ಗಾಳಿಗೆ ಎದ್ದು ಹಾರಿಹೋಯಿತು, ಸಾಲ ತೀರದೆ ಜಮೀನು ಕೈಬಿಟ್ಟವು. ಹಳೇ ಕಾರುಗಳ ನೆತ್ತಿಗೆ ಹಾಸಿಗೆ, ಒಲೆ, ಪಾತ್ರೆ ಕಟ್ಟಿಕೊಂಡು ಜನ ಹೊಟ್ಟೆಪಾಡಿಗೆ ಕ್ಯಾಲಿಫೋರ್ನಿಯಾದ ಕಡೆ ಹೊರಟದ್ದು ಇದೇ ರಸ್ತೆಯಲ್ಲಿ. ಜಾನ್ ಸ್ಟೈನ್‌ಬೆಕ್ 1939ರ ತನ್ನ ಕಾದಂಬರಿಯಲ್ಲಿ ಇದನ್ನು ತಾಯಿರಸ್ತೆ ಎಂದು ಕರೆದ.

ಮೊಹಾವಿ ಮರುಭೂಮಿಯನ್ನು ಅವರಲ್ಲಿ ಎಷ್ಟೋ ಜನ ದಾಟುತ್ತಿದ್ದದ್ದು ರಾತ್ರಿ ಹೊತ್ತು. ಹಗಲಿನ ಬಿಸಿಲಿಗೆ ರೇಡಿಯೇಟರ್ ಕುದಿಯುತ್ತಿತ್ತು, ಟೈರು ಸಿಡಿಯುತ್ತಿತ್ತು. ಕಾರಿನ ಮುಂದೆ ಕ್ಯಾನ್ವಾಸ್ ಚೀಲದಲ್ಲಿ ನೀರು ತೂಗುಹಾಕುತ್ತಿದ್ದರು. ಬಟ್ಟೆಯೊಳಗಿಂದ ನೀರು ಸಣ್ಣಗೆ ಜಿನುಗಿ, ಓಡುವ ಗಾಳಿಗೆ ಆರಿ, ಒಳಗಿನ ನೀರು ನಮ್ಮ ಮಣ್ಣಿನ ಹೂಜಿಯ ನೀರಿನ ಹಾಗೆ ತಂಪಾಗಿರುತ್ತಿತ್ತು. ಕೆಲವರಿಗೆ ಈ ಮರುಭೂಮಿಯವರೆಗೆ ಬರಲೂ ಆಗಲಿಲ್ಲ: 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರೇ ರಾಜ್ಯದ ಗಡಿಯಲ್ಲಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಅಟ್ಟಿದರು. ಇವರೂ ಆ ದೇಶದ ಪ್ರಜೆಗಳೇ! ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಮಾವನವರು ಚಳ್ಳಕೆರೆ ಕಡೆಯವರು. ಬರ ಎಂದರೇನು, ಜನ ಊರು ಯಾಕೆ ಬಿಡುತ್ತಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರನ್ನು ಹಿಂದಿನ ಸೀಟಿಗೆ ತಳ್ಳಬೇಡ, ಮುಂದೆ ಕೂರಿಸು. ಈ ಕಥೆಯನ್ನು ಅವರ ಕಿವಿಗೂ ಹಾಕು. ಆಮೇಲೆ ಅವರು ಮಾತಾಡಲಿ, ಮಕ್ಕಳು ಕೇಳಲಿ.

ದಾರಿಯಲ್ಲಿ ನಿಲ್ಲಬೇಕಾದ ಜಾಗ ಆಂಬಾಯ್. ರಾಯ್ಸ್ ಎಂಬ ದೊಡ್ಡ ಫಲಕದ ಫೋಟೋ ಎಲ್ಲರೂ ತೆಗೆಯುತ್ತಾರೆ, ನೀವೂ ತೆಗೆಯಿರಿ. 1973ರಲ್ಲಿ ಐ-40 ತೆರೆದಾಗ ವಾಹನಗಳೆಲ್ಲ ಅತ್ತ ತಿರುಗಿಕೊಂಡು ಈ ಊರು ಬರಿದಾಯಿತು. ಅಲ್ಲಿಗೆ ಸ್ವಲ್ಪ ಮೊದಲು ಬ್ಯಾಗ್ಡಾಡ್ ಎಂಬ ಊರಿತ್ತು, ಈಗ ಬರೀ ನೆಲ. 1912ರಿಂದ 1914ರವರೆಗೆ ಸತತ 767 ದಿನ ಅಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಮಕ್ಕಳಿಗೆ ಆ ಲೆಕ್ಕ ಹೇಳಿ, ಕಾರು ನಿಲ್ಲಿಸಿ, ಎರಡು ನಿಮಿಷ ಹೊರಗೆ ನಿಲ್ಲಿಸು. ರೈಲುಮಾರ್ಗ ಪಕ್ಕದಲ್ಲೇ ಬರುತ್ತದೆ. ಆಂಬಾಯ್, ಬ್ರಿಸ್ಟಲ್, ಕಾಡಿಜ್, ಡ್ಯಾನ್‌ಬಿ, ಎಸೆಕ್ಸ್, ಫೆನರ್, ಗಾಫ್ಸ್ ಎಂದು ರೈಲಿನವರು ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಟ್ಟಿದ್ದಾರೆ. ಸಣ್ಣವನಿಗೆ ಮುಂದಿನದನ್ನು ಊಹಿಸುವ ಆಟ ಕೊಡು. ಆಂಬಾಯ್ ಜ್ವಾಲಾಮುಖಿಯ ಬಾಯಿಯವರೆಗೆ ನಡೆಯುವುದು ನಿನಗೂ ಅಳಿಯಂದಿರಿಗೂ ಸರಿ, ಅತ್ತೆಯವರ ಮಂಡಿಗೆ ಬೇಡ.

ಮತ್ತೆ ಕಾರು ಹತ್ತುವ ಮುನ್ನ ಬಗ್ಗಿ ಚಕ್ರದಡಿ ನೋಡಿ. ಮರುಭೂಮಿಯ ಆಮೆ ನೆರಳು ಹುಡುಕಿಕೊಂಡು ಕಾರಿನ ಕೆಳಗೆ ಬಂದು ಕೂರುತ್ತದೆ. ಇದ್ದರೆ ಅದು ತಾನಾಗಿ ಹೋಗುವವರೆಗೆ ಕಾಯಿರಿ. ಮಕ್ಕಳು ಎತ್ತಲು ಹೋದಾರು, ಜೋಪಾನ. ಹೆದರಿದರೆ ಅದು ಮೈಯಲ್ಲಿ ಕೂಡಿಟ್ಟ ನೀರನ್ನೆಲ್ಲ ಹೊರಹಾಕಿಬಿಡುತ್ತದೆ. ಮತ್ತೆ ನೀರು ಸಿಗದಿದ್ದರೆ ಸತ್ತೇ ಹೋಗಬಹುದು.

ಊಟಕ್ಕೆ ಪುಳಿಯೋಗರೆ, ಚಪಾತಿ ಕಟ್ಟಿಕೋ. ಮಜ್ಜಿಗೆಯನ್ನು ಐಸ್ ಪೆಟ್ಟಿಗೆಯಲ್ಲಿಡು. ರಾತ್ರಿ ಹಳೆಯ ಮೋಟೆಲೇ ಇರಲಿ. ಆ ದಾರಿಯ ಎಷ್ಟೋ ಮೋಟೆಲುಗಳನ್ನು ಗುಜರಾತಿನಿಂದ ಬಂದ ಕುಟುಂಬಗಳು ನಡೆಸುತ್ತಿವೆ. ಅತ್ತೆಯವರು ತಮಗೆ ಬರುವ ಹಿಂದಿಯಲ್ಲೇ ನಾಲ್ಕು ಮಾತಾಡಿಯಾರು. ಇದೇ ದಾರಿಯ ಮೋಟೆಲುಗಳ ಬಾಗಿಲುಗಳಲ್ಲಿ ಬಹುಪಾಲು ಕಪ್ಪು ಜನರಿಗೆ ಮುಚ್ಚಿಯೇ ಇದ್ದ ಕಾಲವೊಂದಿತ್ತು. ತಂಗಲು, ಉಣ್ಣಲು ಎಲ್ಲಿ ಒಳಗೆ ಬಿಡುತ್ತಾರೆ ಎಂದು ತಿಳಿಯಲು ಅವರು 1936ರಿಂದ ವಿಕ್ಟರ್ ಗ್ರೀನ್ ಹೊರತಂದ ಕೈಪಿಡಿಯನ್ನು ಜೊತೆಗಿಟ್ಟುಕೊಂಡು ಹೊರಡಬೇಕಿತ್ತು. ದೊಡ್ಡವಳಿಗೆ ಈಗ ಇದು ಅರ್ಥವಾಗುವ ವಯಸ್ಸು, ಮುಚ್ಚಿಡಬೇಡ.

ಮರುದಿನ ಬೆಳಗ್ಗೆ ನದಿ ದಾಟಿ ಓಟ್‌ಮನ್ ಕಡೆ ಹತ್ತಿ. ಕಣಿವೆಯ ತಿರುವು ಬಿಗಿ, ಪಕ್ಕಕ್ಕೆ ತಡೆಗೋಡೆ ಎಲ್ಲ ಕಡೆ ಇಲ್ಲ. ಸಣ್ಣ ಗೇರಿನಲ್ಲಿ ನಿಧಾನ ಹೋಗಲು ಹೇಳು. ಚಿನ್ನದ ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿ ಅಲ್ಲಿ ಬೀದಿ ತುಂಬ ಓಡಾಡುತ್ತದೆ. ಮರಿಗಳ ಹಣೆಗೆ ಕೆಲವೊಮ್ಮೆ ತಿನ್ನಿಸಬೇಡಿ ಎಂಬ ಸ್ಟಿಕ್ಕರ್ ಅಂಟಿಸಿರುತ್ತಾರೆ. ಮುದ್ದಾಗಿವೆ ಎಂದು ಮಕ್ಕಳು ಬಿಸ್ಕತ್ತು ಚಾಚದಂತೆ ನೋಡಿಕೋ.

ಕೊನೆಗೊಂದು ಮುಖ್ಯ ವಿಷಯ. ಮೊಹಾವಿಯ ಹಳೆಯ ರಸ್ತೆಯಲ್ಲಿ 1930ರ ಆಸುಪಾಸಿನ ಮರದ ಸೇತುವೆಗಳು ಸಾಲು ಸಾಲಾಗಿವೆ. ಪ್ರವಾಹಕ್ಕೆ ಜಖಂ ಆದಾಗ ಆ ಭಾಗ ಮುಚ್ಚಿಬಿಡುತ್ತಾರೆ. ಹೊರಡುವ ಹಿಂದಿನ ದಿನ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ರಸ್ತೆ ಮಾಹಿತಿ ನೋಡಿ. ಲಡ್ಲೋ ಮುಂದೆ ಮುಚ್ಚಿದ್ದರೆ ಐ-40 ಹತ್ತಿ, ಕೆಲ್‌ಬೇಕರ್ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿದರೆ ಆಂಬಾಯ್ ಹತ್ತಿರವೇ ಬರುತ್ತೀರಿ. ಅಡ್ಡಗಟ್ಟೆಯ ಪಕ್ಕದಿಂದ ನುಸುಳಿದ ಟೈರಿನ ಗುರುತುಗಳು ಕಾಣಬಹುದು. ಅವುಗಳ ಹಿಂದೆ ಹೋಗಬೇಡಿ.