ಟೆನಿಸ್ ಆಡದವರ ಟೆನಿಸ್ ಮೊಣಕೈ

ನೀರಿನ ಬಕೇಟು ಎತ್ತುವಾಗ, ಕಪಾಟಿನಿಂದ ಲೆಡ್ಜರು ಇಳಿಸುವಾಗ, ಒದ್ದೆ ಧೋತರ ಹಿಂಡುವಾಗ ಮೊಣಕೈಯ ಹೊರಮಗ್ಗುಲಲ್ಲಿ ಚುಳುಕ್ಕೆಂದು ನೋಯುವುದು ನಮ್ಮ ವಾಚನಾಲಯದ ಮಿತ್ರರಲ್ಲಿ ಹಲವರಿಗೆ ಗೊತ್ತು. ವೈದ್ಯರು ಇದನ್ನು ‘ಟೆನಿಸ್ ಎಲ್ಬೊ’ ಎನ್ನುತ್ತಾರೆ. ನಮಗೆಲ್ಲಿಯ ಟೆನಿಸು ಎಂದು ನಗಬೇಡಿರಿ. ಜರ್ಮನ್ ವೈದ್ಯ ರುಂಗೆ 1873ರಲ್ಲಿ ಈ ಬೇನೆಯನ್ನು ವಿವರಿಸಿದ್ದು ಬರವಣಿಗೆಯವರ ಕೈಸೆಡೆತದ ಪ್ರಸ್ತಾಪದಲ್ಲಿ. ಟೆನಿಸಿನ ಹೆಸರು ಅಂಟಿದ್ದು ಆಮೇಲೆ. ಹಾಗೆ ನೋಡಿದರೆ ಇದು ಗುಮಾಸ್ತರ ಸ್ವಂತ ಆಸ್ತಿ!

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಒಂದು ಹುರಿಯಂತಾಗಿ ಮೊಣಕೈಯ ಹೊರಗಿನ ಎಲುಬಿಗೆ ಅಂಟಿಕೊಂಡಿರುತ್ತವೆ. ಒಂದೇ ಕೆಲಸವನ್ನು ಮೇಲಿಂದ ಮೇಲೆ ಮಾಡಿದಾಗ ಈ ಹುರಿಯ ಎಳೆಗಳು ಸವೆಯುತ್ತವೆ. ಸವೆದುದನ್ನು ಬರಿಯ ಲೇಪ ಕೂಡಿಸಲಾರದು. ಅದು ನೋವನ್ನಷ್ಟೇ ತಗ್ಗಿಸುತ್ತದೆ. ಡೈಕ್ಲೋಫೆನಾಕ್ ಜೆಲ್ಲನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕೆಲವು ದಿನ ಹಚ್ಚಬಹುದು. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಮೇಲೆ ಬಿಸಿ ಶಾಖ ಕೊಡಬಾರದು, ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಮೂತ್ರಪಿಂಡದ ಕಾಯಿಲೆ, ಹೊಟ್ಟೆಯ ಹುಣ್ಣು ಇದ್ದವರೂ ಗರ್ಭಿಣಿಯರೂ ಆಸ್ಪಿರಿನ್ ಒಗ್ಗದವರೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು.

ನಿಜವಾದ ಚಿಕಿತ್ಸೆ ವ್ಯಾಯಾಮ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಹಸ್ತ ಮಾತ್ರ ಅಂಚಿನಾಚೆ ಇಳಿಬಿಡಿರಿ. ಮೊದಲು ಬರಿಗೈ, ಕೆಲವು ದಿನಗಳ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ಇನ್ನೊಂದು ಕೈಯಿಂದ ಹಸ್ತವನ್ನು ಮೇಲೆತ್ತಿ, ಆ ಕೈ ಬಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಇಳಿಸಿರಿ. ಇಳಿಸುವುದರಲ್ಲಿಯೇ ಗುಣವಿದೆ. ಹತ್ತರಿಂದ ಹದಿನೈದು ಸಲ, ನಡುವೆ ವಿಶ್ರಾಂತಿ ಕೊಟ್ಟು ಮೂರು ಸುತ್ತು, ದಿನಕ್ಕೊಮ್ಮೆ. ತುಸು ನೋವಾದರೆ ಚಿಂತೆಯಿಲ್ಲ; ಮರುದಿನ ನೋವು ಹೆಚ್ಚಿದ್ದರೆ ಭಾರ ಇಳಿಸಿರಿ. ಆರರಿಂದ ಹನ್ನೆರಡು ವಾರ ಬೇಕು. ಎರಡೇ ವಾರಕ್ಕೆ ಬೇಸತ್ತು ಬಿಡುವವರೇ ನಮ್ಮಲ್ಲಿ ಹೆಚ್ಚು. ಕೈಯನ್ನು ಜೋಳಿಗೆಗೆ ಹಾಕಿ ಕೂಡುವುದೂ ಸಲ್ಲದು; ಭಾರವನ್ನು ಅಂಗೈ ಮೇಲಾಗಿ, ಮೈಗೆ ಹತ್ತಿರ ಹಿಡಿದು, ಎರಡೂ ಕೈಯಿಂದ ಎತ್ತಿದರಾಯಿತು.

ರಜೆ ಸಿಗದೆಂದು ಸೂಜಿಮದ್ದಿಗೆ ಆತುರಪಡುವವರಿದ್ದಾರೆ. ಆಸ್ಟ್ರೇಲಿಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸೂಜಿ ಆರು ವಾರಕ್ಕೆ ಎಲ್ಲಕ್ಕಿಂತ ಮೇಲಾಗಿ ಕಂಡಿತು. ಆದರೆ ಹಾಗೆ ಗುಣವಾದವರಲ್ಲಿ ಬಹುಮಂದಿಗೆ ನೋವು ಮರುಕಳಿಸಿತು. ವರ್ಷದ ಕೊನೆಗೆ ಸೂಜಿಯವರಿಗಿಂತ ಫಿಸಿಯೋಥೆರಪಿಯವರೇ ಮುಂದಿದ್ದರು.

ಬಿದ್ದು ಪೆಟ್ಟಾಗಿದ್ದರೆ, ಊದಿಕೊಂಡು ಜ್ವರ ಬಂದರೆ, ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಇಳಿಯುತ್ತಿದ್ದರೆ ಇದು ಬೇರೆಯೇ ಬೇನೆಯಿರಬಹುದು, ತಡಮಾಡದೆ ತೋರಿಸಿರಿ. ಇ.ಎಸ್.ಐ. ಕಾರ್ಡು ಉಳ್ಳವರು ಅದರ ದವಾಖಾನೆಗೆ ಹೋಗಿ, ಫಿಸಿಯೋಥೆರಪಿಗೆ ಚೀಟಿ ಬರೆದುಕೊಡುವಂತೆ ಬಾಯಿಬಿಟ್ಟು ಕೇಳಿರಿ.