ಬೀಜದ ಬಿಲ್ಲು ಎಸೆಯಬೇಡಿ

ನಮ್ಮದು ಮಳೆ ನಂಬಿದ ಹೊಲ. ಒಂದು ವರ್ಷ ಸೂರ್ಯಕಾಂತಿ ಬಿತ್ತಿದೆ, ಅರ್ಧವೂ ಹುಟ್ಟಲಿಲ್ಲ. ಅಂಗಡಿಯವರು 'ಬೀಜ ತನ್ನಿ, ಪರೀಕ್ಷೆ ಮಾಡಿಸೋಣ' ಅಂದರು. ಬೀಜವೆಲ್ಲ ಮಣ್ಣೊಳಗೆ! ಬಿಲ್ಲನ್ನೂ ಎಸೆದಿದ್ದೆ. ಸುಮ್ಮನಾದೆ.

ಆಮೇಲೆ ತಿಳಿಯಿತು: ಆಂಧ್ರದ ರೈತರ ಮೊಕದ್ದಮೆಯಲ್ಲಿ 2012ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಬೀಜ ಕೊಂಡ ರೈತನೂ ಗ್ರಾಹಕ. ಪರೀಕ್ಷೆಗೆಂದು ಅವನು ಬೀಜ ಎತ್ತಿಟ್ಟಿರಬೇಕು ಅನ್ನುವಂತಿಲ್ಲ.

ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬೀಜಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ.

ಬಿಲ್ಲು, ಚೀಲ, ಲಾಟ್ ನಂಬರಿನ ಚೀಟಿ ತೆಗೆದಿಡಿ. ಮೊಳಕೆ ಬಾರದಿದ್ದರೆ ಕೃಷಿ ಅಧಿಕಾರಿಗಳನ್ನು ಕರೆಸಿ, ಹೊಲ ತೋರಿಸಿ, ವರದಿ ಬರೆಸಿಕೊಳ್ಳಿ. ಹರಗುವುದು ಆಮೇಲೆ. ನಾನು ಮೊದಲೇ ಹರಗಿಬಿಟ್ಟಿದ್ದೆ. ತೋರಿಸಲು ಏನೂ ಉಳಿದಿರಲಿಲ್ಲ.