ಶಾಲೆ ಬಿಟ್ಟ ಹುಡುಗನೂ ಆರೌ ಪಟ್ಟಣದ ಶಾಲೆಯೂ

ಮನುಷ್ಯನ ಬಾಳಿನಲ್ಲಿ ಕೆಲವು ನಿರ್ಧಾರಗಳು ದೀರ್ಘಾಲೋಚನೆಯ ಫಲವಾಗಿ ಮೂಡುತ್ತವೆ. ಮತ್ತೆ ಕೆಲವು ಮನಸ್ಸಿನ ಆವೇಗದಿಂದ ಹೊರಬೀಳುತ್ತವೆ. ನಿರ್ಧಾರಕ್ಕೆ ಒಂದು ಗಳಿಗೆ ಸಾಕು. ಅದರ ಪರಿಣಾಮವನ್ನು ಹೊರುವುದಕ್ಕೆ ವರ್ಷಗಳು ಬೇಕು. ಹಿಂದಿನ ದಾರಿ ಮುಚ್ಚಿ, ಮುಂದಿನ ದಾರಿ ಇನ್ನೂ ಕಾಣದಿರುವ ಆ ನಡುಗಾಲವೇ ನಿಜವಾದ ಪರೀಕ್ಷೆಯ ಕಾಲ. ಅದನ್ನು ಎದುರಿಸುವ ಬಗೆಗೆ ಆಲ್ಬರ್ಟ್ ಐನ್‌ಸ್ಟೈನರ ವಿದ್ಯಾರ್ಥಿಜೀವನದ ಒಂದು ಅಧ್ಯಾಯವು ಉತ್ತಮ ನಿದರ್ಶನವಾಗಿದೆ.

ಐನ್‌ಸ್ಟೈನರು ಹುಟ್ಟಿದ್ದು 1879ರಲ್ಲಿ, ಜರ್ಮನಿಯ ಉಲ್ಮ್ ನಗರದಲ್ಲಿ, ಬೆಳೆದದ್ದು ಮ್ಯೂನಿಕ್ಕಿನಲ್ಲಿ. ಅಲ್ಲಿ ತಂದೆಯೂ ಚಿಕ್ಕಪ್ಪನೂ ಕೂಡಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು. ಉದ್ಯಮವು ನಷ್ಟಕ್ಕೆ ಸಿಲುಕಲು, 1894ರಲ್ಲಿ ಕುಟುಂಬವು ಇಟಲಿಯ ಮಿಲಾನಿಗೆ ತೆರಳಿತು. ಶಾಲೆಯ ವ್ಯಾಸಂಗವನ್ನು ಮುಗಿಸಲೆಂದು ಬಾಲಕ ಆಲ್ಬರ್ಟನನ್ನು ಮಾತ್ರ ಮ್ಯೂನಿಕ್ಕಿನಲ್ಲಿಯೇ ಬಿಡಲಾಯಿತು. ಕಂಠಪಾಠವನ್ನೂ ಕಟ್ಟುನಿಟ್ಟಿನ ಶಿಸ್ತನ್ನೂ ಪ್ರಧಾನವೆಂದೆಣಿಸಿದ್ದ ಆ ಶಾಲೆ ಅವನಿಗೆ ಒಗ್ಗಲಿಲ್ಲ. ಅವನು ತರಗತಿಯಲ್ಲಿರುವುದರಿಂದಲೇ ಅಧ್ಯಾಪಕರ ಗೌರವಕ್ಕೆ ಧಕ್ಕೆಯೆಂದು ಅಲ್ಲಿನ ಅಧ್ಯಾಪಕರೊಬ್ಬರು ಹೇಳಿದ್ದೂ ಉಂಟು. ಇದರ ಜೊತೆಗೆ ಮುಂದೆ ಕಡ್ಡಾಯವಾಗಿ ಬರಲಿದ್ದ ಸೈನಿಕ ಸೇವೆಯ ಅಂಜಿಕೆ ಬೇರೆ. 1894ರ ಡಿಸೆಂಬರಿನಲ್ಲಿ, ತಂದೆತಾಯಿಗಳ ಅನುಮತಿಯನ್ನು ಕೇಳದೆಯೇ, ಹದಿನೈದು ವರ್ಷದ ಹುಡುಗನು ಶಾಲೆಯನ್ನು ಬಿಟ್ಟು ಇಟಲಿಯ ರೈಲು ಹತ್ತಿದನು.

ಮನೆ ತಲುಪಿದ ಮಗನನ್ನು ಕಂಡು ತಂದೆತಾಯಿಗಳು ಕಳವಳಗೊಂಡದ್ದು ಸಹಜವೇ. ಶಾಲೆಯ ಅಂತಿಮ ಪ್ರಮಾಣಪತ್ರವಿಲ್ಲದವನಿಗೆ ಜರ್ಮನಿಯ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದಂತೆಯೇ. ತಂದೆಯ ವ್ಯಾಪಾರವೂ ಭದ್ರವಾಗಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಆ ಹುಡುಗನು ಮಾಡಿದ ಮೊದಲ ಕೆಲಸವೆಂದರೆ ಹತ್ತಿರದ ಒಂದು ಗುರಿಯನ್ನು ಹಿಡಿದುಕೊಂಡದ್ದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸಂಸ್ಥೆಯು ಪ್ರಮಾಣಪತ್ರವಿಲ್ಲದವರನ್ನೂ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತಿತ್ತು. ತಾನಾಗಿಯೇ ಓದಿ ಆ ಪರೀಕ್ಷೆಗೆ ಸಿದ್ಧನಾಗುವೆನೆಂದು ಅವನು ಹೆತ್ತವರಿಗೆ ಮಾತು ಕೊಟ್ಟನು. ಭೌತಶಾಸ್ತ್ರದ ಗ್ರಂಥಗಳನ್ನು ತರಿಸಿಕೊಂಡು ಓದಿದನು.

1895ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಪ್ರವೇಶಕ್ಕೆ ರೂಢಿಯಲ್ಲಿದ್ದ ಹದಿನೆಂಟರ ವಯಸ್ಸಿಗೆ ಅವನಿಗಿನ್ನೂ ಸುಮಾರು ಎರಡು ವರ್ಷ ಕಡಿಮೆಯಿತ್ತು. ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಉತ್ತಮವಾಗಿ ಉತ್ತರಿಸಿದರೂ ಇತರ ವಿಷಯಗಳಲ್ಲಿ ಸಾಲದೆ ಬಂದು ಅನುತ್ತೀರ್ಣನಾದನು. ಸಂಸ್ಥೆಯ ಮುಖ್ಯಸ್ಥರು ಅವನನ್ನು ಹೀಗಳೆಯಲಿಲ್ಲ; ಒಂದು ಶಾಲೆಯಲ್ಲಿ ವ್ಯಾಸಂಗವನ್ನು ಪೂರೈಸಿಕೊಂಡು ಮರಳಿ ಬರುವಂತೆ ಹಿತವಚನ ನುಡಿದರು. ಶಾಲೆಯನ್ನೇ ತೊರೆದು ಬಂದವನಿಗೆ ಇದು ಕಹಿ ಮಾತು. ಆದರೂ ಅವನು ಹಟ ಹಿಡಿಯದೆ ಆ ಮಾತಿಗೆ ತಲೆಬಾಗಿದನು. ಈ ಕಥೆಯ ತಿರುವು ಇರುವುದು ಇಲ್ಲಿಯೇ.

ಅವನು ಸೇರಿದ್ದು ಆರೌ ಎಂಬ ಚಿಕ್ಕ ಪಟ್ಟಣದ ಶಾಲೆಗೆ. ಮಗುವು ನೋಡಿ, ಮಾಡಿ, ಯೋಚಿಸಿ ಕಲಿಯಬೇಕೆಂಬ ಪೆಸ್ತಲೋಟ್ಸಿಯ ಶಿಕ್ಷಣತತ್ತ್ವದ ಪ್ರಭಾವ ಅಲ್ಲಿತ್ತು. ಅದೇ ಶಾಲೆಯ ಅಧ್ಯಾಪಕರಾದ ಯೋಸ್ಟ್ ವಿಂಟೆಲರರು ಅವನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಆ ಸಂಸಾರದಲ್ಲಿ ಅವನೂ ಮನೆಮಗನಂತೆ ಬೆರೆತನು. ಬೆಳಕಿನ ಕಿರಣದ ಬೆನ್ನುಹತ್ತಿ ಅದರಷ್ಟೇ ವೇಗದಲ್ಲಿ ಓಡಿದರೆ ಏನು ಕಂಡೀತು ಎಂಬ ಪ್ರಶ್ನೆ ಮನಸ್ಸಿಗೆ ಹೊಳೆದದ್ದು ಆ ದಿನಗಳಲ್ಲಿಯೇ ಎಂದು ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. 1896ರ ಶರತ್ಕಾಲದಲ್ಲಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಹದಿನೇಳರ ಹರೆಯದಲ್ಲಿ ಜ್ಯೂರಿಕ್ ಸಂಸ್ಥೆಯನ್ನು ಸೇರಿದನು. ಅಲ್ಲಿನ ಖರ್ಚಿಗೆ ತಾಯಿಯ ಕಡೆಯ ಬಂಧುಗಳು ತಿಂಗಳಿಗೆ 100 ಫ್ರಾಂಕುಗಳನ್ನು ಕಳುಹಿಸುತ್ತಿದ್ದರು.

ಹಾಗೆಂದು ಅನಿಶ್ಚಿತತೆ ಅಲ್ಲಿಗೇ ಮುಗಿಯಲಿಲ್ಲ. 1896ರ ಜನವರಿಯಲ್ಲಿ ಜರ್ಮನಿಯ ಪೌರತ್ವವನ್ನು ಬಿಟ್ಟಿದ್ದ ಐನ್‌ಸ್ಟೈನರು 1901ರಲ್ಲಿ ಸ್ವಿಸ್ ಪೌರತ್ವ ದೊರೆಯುವವರೆಗೆ ಯಾವ ದೇಶಕ್ಕೂ ಸೇರದವರಾಗಿದ್ದರು. 1900ರಲ್ಲಿ ಪದವಿ ಪಡೆದ ಮೇಲೂ ಸ್ಥಿರವಾದ ಉದ್ಯೋಗ ಸಿಗಲಿಲ್ಲ. ಪಾಠ ಹೇಳುತ್ತ, ತಾತ್ಕಾಲಿಕ ಕೆಲಸ ಮಾಡುತ್ತ ಕಾಲ ಕಳೆದರು. ಕೊನೆಗೆ ಸಹಪಾಠಿಯೊಬ್ಬನ ತಂದೆಯ ಶಿಫಾರಸಿನಿಂದ 1902ರಲ್ಲಿ ಬೆರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ದೊರೆಯಿತು. ಆ ಕೆಲಸದಲ್ಲಿದ್ದುಕೊಂಡೇ 1905ರಲ್ಲಿ ಅವರು ಸಾಪೇಕ್ಷತಾ ಸಿದ್ಧಾಂತದ ಲೇಖನವನ್ನು ಪ್ರಕಟಿಸಿದರು.

ಶಾಲೆ ಬಿಟ್ಟದ್ದರಿಂದಲೇ ಐನ್‌ಸ್ಟೈನರು ದೊಡ್ಡವರಾದರೆಂದು ಹೇಳುವವರುಂಟು. ಅದು ಅರ್ಧ ಸತ್ಯವೂ ಅಲ್ಲ. ಅವರು ಮತ್ತೆ ಶಾಲೆ ಸೇರಿದರು ಎಂಬುದೇ ಗಮನಿಸತಕ್ಕ ಸಂಗತಿ. ಆವೇಗದ ನಿರ್ಧಾರವು ಸರಿಯೋ ತಪ್ಪೋ ಎಂದು ಕೊರಗುತ್ತ ಕುಳಿತಿದ್ದರೆ ಕಾಲ ವ್ಯರ್ಥವಾಗುತ್ತಿತ್ತು. ಅದನ್ನು ಸಮರ್ಥಿಸುವ ಹಟದಲ್ಲಿ ಹಿತವಚನವನ್ನು ತಳ್ಳಿಹಾಕಿದ್ದರೆ ದಾರಿಯೇ ತಪ್ಪುತ್ತಿತ್ತು. ಸೋಲನ್ನು ಸೋಲೆಂದು ಒಪ್ಪಿ, ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ದೃಢವಾಗಿ ಇಟ್ಟದ್ದು ಆ ಹುಡುಗನ ವಿವೇಕ.

ಆದರೆ ಅವನೊಬ್ಬನ ವಿವೇಕವೇ ಸಾಕಾಗುತ್ತಿರಲಿಲ್ಲ. ತಡವಾಗಿ, ಅರ್ಧ ದಾರಿಯಿಂದ, ಬೇರೆ ದೇಶದಿಂದ ಬಂದವನಿಗೆ ಒಂದು ಶಾಲೆ ಸ್ಥಳ ಕೊಟ್ಟಿತು. ಒಬ್ಬ ಅಧ್ಯಾಪಕರು ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. ಬಂಧುಗಳು ತಿಂಗಳ ಖರ್ಚನ್ನು ಹೊತ್ತರು. ಅವರಲ್ಲಿ ಯಾರಿಗೂ ಈ ಹುಡುಗ ಮುಂದೆ ಏನಾಗುವನೆಂಬುದು ತಿಳಿದಿರಲಿಲ್ಲ. ತಿಳಿಯದೆಯೇ ಮಾಡಿದ ಉಪಕಾರವಾದುದರಿಂದಲೇ ಅದು ದೊಡ್ಡದು. ದುಡುಕಿ ಹೊರನಡೆದ ವಿದ್ಯಾರ್ಥಿಯು ಒಂದು ದಿನ ಅಂಜುತ್ತ ಮರಳಿ ಬಂದು ಬಾಗಿಲಲ್ಲಿ ನಿಂತರೆ, ಏಕೆ ಹೋದೆಯೆಂದು ಕೇಳುವುದಕ್ಕೆ ಮೊದಲು ಒಳಗೆ ಕರೆದು ಕುಳ್ಳಿರಿಸುವುದು ವಿದ್ಯಾಸಂಸ್ಥೆಯ ಧರ್ಮ.